ಅವಳ ಮಾತಿಗೆ ಉತ್ತರ ಕೊಡಬೇಕಾದವರು ಯಾರು? ನಾಟಕ ಅಕಾಡೆಮಿಗೂ ರಂಗತಂಡಗಳಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರು ಹಾಗೂ ಸದಸ್ಯರಿಗೆ, ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿ ರಂಗಾಯಣಗಳ ನಿರ್ದೇಶಕರಿಗೆ, ಊರೂರಿನ ಹವ್ಯಾಸಿ ತಂಡಗಳ ಹಿರಿಯರಿಗೆ,

ಮಾನ್ಯರೇ,

ನಾನು ಹವ್ಯಾಸಿ ರಂಗಭೂಮಿಯ ನಟಿ. ಹಗಲು ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ತಾಲೀಮಿಗೆ ಓಡಿ, ಕೊನೆಯ ಬಸ್ಸು ತಪ್ಪದಿರಲಿ ಎಂದು ಹಾರೈಸುತ್ತ ಮನೆ ಸೇರುವ ಅನೇಕ ಹೆಂಗಸರಲ್ಲಿ ಒಬ್ಬಳು. ಈಚೆಗೆ ನಾಟಕೋತ್ಸವಗಳ ಆಹ್ವಾನ ಪತ್ರಿಕೆಗಳಲ್ಲಿ ‘ಮಹಿಳಾ ಸಂವೇದನೆಯ ನಾಟಕಗಳು’ ಎಂಬ ತಲೆಬರಹ ಮಾಮೂಲಾಗಿದೆ. ಮಾರ್ಚ್ ತಿಂಗಳು ಬಂದರಂತೂ ಕೇಳುವುದೇ ಬೇಡ. ಅದರ ಕೆಳಗೆ ಬರುವ ಹೆಸರುಗಳೂ ಹೆಚ್ಚುಕಡಿಮೆ ಅವೇ: ವಿಜಯ ತೆಂಡೂಲ್ಕರ್, ಗಿರೀಶ ಕಾರ್ನಾಡ, ಮೋಹನ್ ರಾಕೇಶ್, ಮಹೇಶ್ ದತ್ತಾನಿ. ಈ ನಾಟಕಗಳ ಮೇಲೆ ನನಗೆ ಗೌರವವಿದೆ. ನನ್ನಂಥ ನಟಿಯರಿಗೆ ಜೀವ ತೇಯುವಂಥ ಪಾತ್ರಗಳು ಸಿಕ್ಕಿದ್ದೇ ಇವುಗಳಿಂದ. ಆದರೂ ಆ ತಲೆಬರಹ ಕಂಡಾಗಲೆಲ್ಲ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ನಾಟಕಗಳಲ್ಲಿ ಹೆಣ್ಣು ಮಾತನಾಡುತ್ತಾಳೆ, ನಿಜ. ಆದರೆ ಅದನ್ನು ಕೇಳಿಸಿಕೊಂಡು ಉತ್ತರ ಕೊಡಬೇಕಾದ ಗಂಡಸು ಆ ಹೊತ್ತಿಗೆ ರಂಗದ ಮೇಲೆ ಎಲ್ಲಿರುತ್ತಾನೆ?

ನಾವೆಲ್ಲ ‘ಸದ್ದು! ವಿಚಾರಣೆ ನಡೆಯುತ್ತಿದೆ’ ಎಂದು ಕನ್ನಡದಲ್ಲಿ ಆಡುತ್ತ ಬಂದಿರುವ ತೆಂಡೂಲ್ಕರರ ನಾಟಕದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ನಾನು ಒಳಗಿನಿಂದ ಬಲ್ಲೆ. 1960ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಅರವಿಂದ ದೇಶಪಾಂಡೆಯವರ ನಿರ್ದೇಶನದಲ್ಲಿ ಸುಲಭಾ ದೇಶಪಾಂಡೆಯವರು ಲೀಲಾ ಬೇಣಾರೆಯಾದರು. ಆಮೇಲೆ ಆ ಪಾತ್ರ ದೇಶದ ಎಷ್ಟೋ ಭಾಷೆಗಳಿಗೆ ಹೋಯಿತು. ಹಳ್ಳಿಯೊಂದಕ್ಕೆ ನಾಟಕವಾಡಲು ಬಂದ ಪಟ್ಟಣದ ತಂಡ. ಆಟಕ್ಕೆ ಇನ್ನೂ ಸಮಯವಿದೆ. ಹೊತ್ತು ಕಳೆಯಲೆಂದು ಒಂದು ಹುಸಿ ವಿಚಾರಣೆ. ಆರೋಪಿ ಯಾರು? ತಂಡದಲ್ಲಿರುವ ಮದುವೆಯಾಗದ ಶಾಲಾ ಶಿಕ್ಷಕಿ ಬೇಣಾರೆ. ಆರೋಪ? ಶಿಶುಹತ್ಯೆ. ಆಟವೆಂದು ಶುರುವಾದದ್ದು ನೋಡುನೋಡುತ್ತಿದ್ದಂತೆ ಆಕೆಯ ನಿಜವಾದ ಬಸಿರಿಗೆ ಬಂದು ನಿಲ್ಲುತ್ತದೆ. ಆ ಬಸಿರಿಗೆ ಕಾರಣನಾದ ಪ್ರೊಫೆಸರ್ ದಾಮ್ಲೆ ಮಾತ್ರ ಊರಿಗೇ ಬಂದಿಲ್ಲ. ಆತನ ಕುರ್ಚಿ ಖಾಲಿ. ನಾಟಕ ಮುಗಿದರೂ ಖಾಲಿ. ಆತನ ಮೇಲೆ ಆರೋಪ ಹೊರಿಸಬೇಕೆಂದು ಆ ನ್ಯಾಯಾಲಯದಲ್ಲಿ ಯಾರಿಗೂ ಹೊಳೆಯುವುದಿಲ್ಲ.

ನಾಟಕದ ಮೊದಲಲ್ಲೇ ಬೇಣಾರೆಯ ಬೆರಳು ಬಾಗಿಲ ಚಿಲಕಕ್ಕೆ ಸಿಕ್ಕಿ ನೋಯುತ್ತದೆ. ಮುಂದೆ ಆಕೆ ಆಟ ಸಾಕೆಂದು ಹೊರಗೆ ಹೋಗಲು ನೋಡಿದಾಗ ಅದೇ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ. ಕಟಕಟೆಗೆ ಆಕೆಯನ್ನು ಎಳೆದು ತರುವವಳು ಶ್ರೀಮತಿ ಕಾಶೀಕರ್. ನಾಟಕದುದ್ದಕ್ಕೂ ತನ್ನ ಗಂಡನಿಂದ ‘ಸುಮ್ಮನಿರು’ ಎನ್ನಿಸಿಕೊಳ್ಳುವ, ಸ್ವಂತದ್ದೊಂದು ಹೆಸರೂ ಇಲ್ಲದ ಹೆಂಗಸು ಆಕೆ. ಗಂಡಾಳ್ವಿಕೆ ಹೆಂಗಸಿನ ಕೈಯಿಂದಲೇ ಹೇಗೆ ಕೆಲಸ ಮಾಡಿಸಿಕೊಳ್ಳುತ್ತದೆ ಎಂಬುದನ್ನು ತೆಂಡೂಲ್ಕರ್ ಒಂದೇ ಒಂದು ಚಲನೆಯಲ್ಲಿ ತೋರಿಸಿದರು. ಅಂಥ ಕಣ್ಣು ಅವರಿಗಿತ್ತು.

ಈಗ ಕೊನೆಗೆ ಬನ್ನಿ. ನ್ಯಾಯಾಧೀಶ ಕಾಶೀಕರ್ ಗಡಿಯಾರ ಮುಂದಿಟ್ಟುಕೊಂಡು, ಹೇಳುವುದೇನಾದರೂ ಇದ್ದರೆ ಹೇಳಲು ಆರೋಪಿಗೆ ಹತ್ತು ಸೆಕೆಂಡು ಕೊಡುತ್ತಾನೆ. ಆಗ ಬೇಣಾರೆಯ ಪ್ರಸಿದ್ಧ ಸ್ವಗತ ಬರುತ್ತದೆ. ಹರೆಯದಲ್ಲಿ ಸೋದರಮಾವನನ್ನು ನಂಬಿ ಮೋಸಹೋದದ್ದು, ಆಮೇಲೆ ಒಬ್ಬನ ಬುದ್ಧಿಯನ್ನು ಆರಾಧಿಸಿದಾಗ ಆತ ದೇಹವನ್ನಷ್ಟೇ ತೆಗೆದುಕೊಂಡು ಹೋದದ್ದು, ಹೊಟ್ಟೆಯಲ್ಲಿರುವ ಜೀವಕ್ಕಾಗಿ ಬದುಕಬೇಕೆಂಬ ಹಟ, ಎಲ್ಲವೂ ಅದರಲ್ಲಿದೆ. ಆದರೆ ಆಕೆ ಮಾತನಾಡುತ್ತಿರುವಷ್ಟು ಹೊತ್ತೂ ಉಳಿದವರೆಲ್ಲ ಕಲ್ಲಿನಂತೆ ಸ್ತಬ್ಧ. ಮಾತು ಮುಗಿದ ಮೇಲೆ ನ್ಯಾಯಾಧೀಶ ಸಮಯವಾಯಿತು ಎನ್ನುತ್ತಾನೆ. ಎಂದರೆ ಆ ನ್ಯಾಯಾಲಯದ ಲೆಕ್ಕದಲ್ಲಿ ಆಕೆ ಬಾಯಿಯನ್ನೇ ಬಿಟ್ಟಿಲ್ಲ. ಕೇಳಿಸಿಕೊಂಡವರು ಟಿಕೆಟ್ ಕೊಂಡು ಕೂತ ನಾವು ಮಾತ್ರ. ಆಕೆ ಬದುಕಬಹುದು, ಗರ್ಭದಲ್ಲಿರುವುದು ಮಾತ್ರ ನಾಶವಾಗಬೇಕು ಎಂಬ ತೀರ್ಪು ಬರುತ್ತದೆ. ಹೊರಗೆ ಪ್ರೇಕ್ಷಕರು ಬಂದ ಸದ್ದಾದದ್ದೇ ಎಲ್ಲರೂ ಬಣ್ಣ ಹಚ್ಚಿಕೊಳ್ಳಲು ಓಡುತ್ತಾರೆ. ಅದೆಲ್ಲ ಬರೀ ಆಟ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೋಗುವಾಗ ಸಮಾಧಾನವನ್ನೂ ಹೇಳುತ್ತಾರೆ. ಆದರೆ ಶಾಲೆಯ ಕೆಲಸದಿಂದ ಆಕೆಯನ್ನು ತೆಗೆದುಹಾಕುವ ನಿರ್ಧಾರವಾಗಿರುವ ಸಂಗತಿ ಆ ಆಟದ ನಡುವೆಯೇ ಹೊರಬಿದ್ದಿದೆ. ಅದು ಆಟವಲ್ಲ.

ನಾನು ಬೇಣಾರೆಯ ಪಾತ್ರ ಮಾಡಿದ ತಂಡದ ಹೆಸರು ಬೇಡ. ತಾಲೀಮಿನಲ್ಲಿ ನಿರ್ದೇಶಕರು ಮೊದಲು ಕತ್ತರಿಸಿದ್ದು ಈ ಸ್ವಗತವನ್ನು. ‘ಜನಕ್ಕೆ ಬೇಸರ ಬರುತ್ತದಮ್ಮಾ, ಕೊನೆಯಲ್ಲಿ ವೇಗ ಬೇಕು’ ಎಂದರು. ವಕೀಲ ಸುಖಾತ್ಮೆಯ ಅಡ್ಡಪ್ರಶ್ನೆಗಳಲ್ಲಿ ಒಂದು ಸಾಲೂ ಹೋಗಲಿಲ್ಲ, ಏಕೆಂದರೆ ಅವಕ್ಕೆ ನಗು ಬರುತ್ತದೆ. ನಗು ಬಂದದ್ದೂ ಹೌದು. ಹೆಣ್ಣುಮಕ್ಕಳಿಗೆ ಮೈನೆರೆಯುವ ಮೊದಲೇ ಮದುವೆ ಮಾಡುವ ಹಳೆಯ ಪದ್ಧತಿ ಮತ್ತೆ ಬರಬೇಕು ಎಂದು ಕಾಶೀಕರ್ ಗಂಭೀರವಾಗಿ ಹೇಳುವ ಮಾತಿದೆಯಲ್ಲ, ಒಂದು ತಾಲ್ಲೂಕು ಕೇಂದ್ರದಲ್ಲಿ ಆ ಮಾತಿಗೆ ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು. ವ್ಯಂಗ್ಯಕ್ಕೆ ಬಿದ್ದ ಚಪ್ಪಾಳೆಯಲ್ಲ ಅದು, ಒಪ್ಪಿಗೆಯ ಚಪ್ಪಾಳೆ. ಕಟಕಟೆಯಲ್ಲಿ ನಿಂತವಳಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕಾಶೀಕರ್ ಮಾಡುತ್ತಿದ್ದ ನಟ ಆ ಚಪ್ಪಾಳೆಗೆ ತುಸು ನಿಂತು, ಅದು ಮುಗಿಯುವವರೆಗೆ ಕಾದು, ಮುಂದಿನ ಮಾತು ಎತ್ತಿಕೊಂಡರು. ನುರಿತ ನಟ. ಪ್ರೇಕ್ಷಕರನ್ನು ಓದಬಲ್ಲವರು.

ಇದು ಒಂದು ನಾಟಕದ ಮಾತಲ್ಲ. ನಮ್ಮ ಕಾರ್ನಾಡರನ್ನೇ ನೋಡಿ. 1988ರ ‘ನಾಗಮಂಡಲ’ದಲ್ಲಿ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಇಡೀ ಊರಿಗೆ ಅದು ಗೊತ್ತು. ಗಂಡನ ರೂಪದಲ್ಲಿ ರಾತ್ರಿ ಬರುವ ನಾಗನಿಂದ ರಾಣಿ ಬಸುರಾದಾಗ ಪಂಚಾಯಿತಿ ಸೇರುತ್ತದೆ. ಆಕೆ ಹುತ್ತಕ್ಕೆ ಕೈಹಾಕಿ, ಸರ್ಪವನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎನ್ನುತ್ತಾಳೆ. ನಾಟಕದ ಚೆಲುವೆಲ್ಲ ಆ ಮಾತಿನಲ್ಲಿದೆ: ಅಕ್ಷರಶಃ ಸತ್ಯ, ಆದರೆ ಊರು ತಿಳಿದ ಸತ್ಯವಲ್ಲ. ಕೂಡಲೇ ಹಿರಿಯರು ಆಕೆಯನ್ನು ದೇವತೆಯೆಂದು ಹೊತ್ತು ಮೆರೆಸುತ್ತಾರೆ. ಹುತ್ತ ಅಲ್ಲೇ ಇದೆ, ಹಾವೂ ಅಲ್ಲೇ ಇದೆ, ಪಂಚರೂ ಅಲ್ಲೇ ಇದ್ದಾರೆ. ‘ಅಪ್ಪಣ್ಣಾ, ಈಗ ನೀನೊಮ್ಮೆ ಕೈಹಾಕು’ ಎಂದು ಹೇಳುವವರು ಒಬ್ಬರೂ ಇಲ್ಲ. ಕೊನೆಗೆ ಆತನ ಸೂಳೆಯೂ ರಾಣಿಯ ಮನೆಯ ಆಳಾಗಿ ಸೇರಿಕೊಳ್ಳುತ್ತಾಳೆ. ಅಪ್ಪಣ್ಣನಿಗೆ ಒಳ್ಳೆಯ ಹೆಂಡತಿ, ಮಗು, ಊರಿನ ಮರ್ಯಾದೆ ಮೂರೂ ದಕ್ಕುತ್ತವೆ. ಕಾರ್ನಾಡರು ಇದನ್ನು ಕಾಣದೆ ಬರೆದರು ಎನ್ನುವಷ್ಟು ದಡ್ಡಳಲ್ಲ ನಾನು. ಅಪ್ಪಣ್ಣನ ಗೊಂದಲವನ್ನು ಅವರು ಉದ್ದೇಶಪಟ್ಟೇ ಉಳಿಸಿದ್ದಾರೆ. ಆದರೆ ನಾನು ಕಂಡ ಪ್ರಯೋಗಗಳಲ್ಲಿ ಆ ಗೊಂದಲ ತೊಳೆದುಹೋಗಿ, ಕೊನೆಗೆ ಉಳಿಯುವುದು ಜಾನಪದ ಹಾಡು, ಬಣ್ಣದ ಸೀರೆ, ಜಯಘೋಷ.

1971ರ ‘ಹಯವದನ’ದ ಪದ್ಮಿನಿ ಇಬ್ಬರು ಗಂಡಸರ ನಡುವೆ ತನಗೆ ಬೇಕಾದದ್ದನ್ನು ಬೇಕು ಎಂದವಳು. ಆಕೆಯ ಆಸೆಯನ್ನು ಕನ್ನಡ ರಂಗಭೂಮಿ ಅಷ್ಟು ನೇರವಾಗಿ ಅದಕ್ಕೆ ಮೊದಲು ಕಂಡಿರಲಿಲ್ಲ ಎಂದೇ ನನ್ನ ಅನಿಸಿಕೆ. ದೇವದತ್ತ, ಕಪಿಲರು ಕತ್ತಿ ಹಿಡಿದು ಒಬ್ಬರನ್ನೊಬ್ಬರು ಕೊಂದುಕೊಂಡು ವಿಷಯವನ್ನು ತಮ್ಮತಮ್ಮಲ್ಲೇ ತೀರಿಸಿಕೊಳ್ಳುತ್ತಾರೆ. ಆಕೆಯನ್ನು ಒಂದು ಮಾತೂ ಕೇಳುವುದಿಲ್ಲ. ಆಕೆಗೆ ಉಳಿಯುವುದು ಚಿತೆ. ಆಮೇಲೆ ಭಾಗವತ ಬಂದು, ಈ ದೇಶ ಎಷ್ಟೋ ಪತಿವ್ರತೆಯರನ್ನು ಕಂಡಿದೆ, ಆದರೆ ಪದ್ಮಿನಿ ಹೋದ ರೀತಿಯಲ್ಲಿ ಯಾರೂ ಹೋಗಿಲ್ಲ ಎಂಬರ್ಥದ ಮಾತಾಡುತ್ತಾನೆ. ಅದು ಕುಹಕದ ಮಾತು. ಪರೀಕ್ಷೆಯ ಗೈಡುಗಳಲ್ಲಿ ಮಾತ್ರ ಅದೇ ಮಾತು ‘ಪದ್ಮಿನಿಯ ತ್ಯಾಗ’ ಎಂಬ ಐದು ಅಂಕದ ಉತ್ತರವಾಗಿದೆ. ಪಾಠ ಹೇಳುವವಳಾಗಿ ಅದನ್ನು ತಿದ್ದಿ ತಿದ್ದಿ ಸಾಕಾಗಿದೆ.

ನನ್ನನ್ನು ಕೇಳಿದರೆ, ಈ ವಿಷಯದಲ್ಲಿ ಅತ್ಯಂತ ಧೈರ್ಯದ ಕಾರ್ನಾಡರು 1961ರ ಕಾರ್ನಾಡರು. ‘ಯಯಾತಿ’ ಬರೆದಾಗ ಅವರಿಗಿನ್ನೂ ಇಪ್ಪತ್ತರ ಹರೆಯ. ಪೂರು ಅಪ್ಪನ ಮುಪ್ಪನ್ನು ಹೊತ್ತುಕೊಂಡದ್ದನ್ನು ಎಲ್ಲರೂ ಮಹಾತ್ಯಾಗ ಎಂದು ಕೊಂಡಾಡುತ್ತಿರುವಾಗ, ಆಗತಾನೆ ಮದುವೆಯಾಗಿ ಬಂದ ಚಿತ್ರಲೇಖೆ ಮಾವನ ಎದುರಿಗೇ ಬಂದು ನಿಲ್ಲುತ್ತಾಳೆ. ಮಗನ ಯೌವನ ತೆಗೆದುಕೊಂಡ ನೀವು, ಅದರೊಂದಿಗೆ ಬರುವ ಹೊಣೆಯನ್ನೂ ತೆಗೆದುಕೊಳ್ಳಿ, ಆತನ ಜಾಗದಲ್ಲಿ ನನಗೆ ಗಂಡನಾಗಿ ಎಂಬ ಸವಾಲು ಹಾಕುತ್ತಾಳೆ. ಯಯಾತಿ ತತ್ತರಿಸುತ್ತಾನೆ. ಧರ್ಮ, ಕುಲ, ಲೋಕ ಎಂದೆಲ್ಲ ಹುಡುಕುತ್ತಾನೆ. ಒಬ್ಬ ಗಂಡಸು, ಅದೂ ಚಕ್ರವರ್ತಿ, ಹೆಣ್ಣಿನ ಪ್ರಶ್ನೆಗೆ ರಂಗದ ಮೇಲೇ ಉತ್ತರಿಸಬೇಕಾಗಿ ಬಂದ ಗಳಿಗೆ ಅದು. ಚಿತ್ರಲೇಖೆ ವಿಷ ಕುಡಿದು ಸಾಯುತ್ತಾಳೆ, ನಿಜ. ಆದರೆ ಆಕೆ ಗಾಳಿಗೆ ಮಾತನಾಡಿ ಸತ್ತವಳಲ್ಲ.

ಮೋಹನ್ ರಾಕೇಶರ ಹಿಂದಿ ನಾಟಕ ‘ಆಧೇ ಅಧೂರೇ’ 1969ರದು. ಸಂಸಾರವನ್ನು ಒಬ್ಬಳೇ ದುಡಿದು ಹೊರುವ ಸಾವಿತ್ರಿಯ ಮುಂದೆ ಒಬ್ಬನೇ ನಟ ಗಂಡ, ಮೇಲಧಿಕಾರಿ, ಹಳೆಯ ಪ್ರಿಯಕರ, ಗಂಡನ ಗೆಳೆಯ ಎಲ್ಲ ಆಗುವ ತಂತ್ರ ಅದ್ಭುತ. ಬಟ್ಟೆ ಬದಲಾದರೂ ಗಂಡಸು ಅವನೇ. ಆದರೆ ಕೊನೆಯ ತೀರ್ಪು ಯಾರದು? ಗಂಡನ ಗೆಳೆಯ ಜುನೇಜನದು. ಇವರಲ್ಲಿ ಯಾರನ್ನು ಮದುವೆಯಾಗಿದ್ದರೂ ಒಂದೆರಡು ವರ್ಷಕ್ಕೆ ನಿನಗೆ ಇದೇ ಅತೃಪ್ತಿ ಇರುತ್ತಿತ್ತು ಎಂದು ಆತ ಸಾವಿತ್ರಿಯನ್ನು ಬಿಡಿಸಿ ಒಣಹಾಕುತ್ತಾನೆ. ಆಕೆ ಮತ್ತೆ ಅದೇ ಮನೆಯಲ್ಲಿ ಉಳಿಯುತ್ತಾಳೆ. ಗಂಡಸರ ಅರೆಕೊರೆಗಳ ಬಗ್ಗೆ ಬರೆದ ನಾಟಕದಲ್ಲಿ ಹೆಂಗಸಿನ ಅತೃಪ್ತಿಯೇ ವಿಚಾರಣೆಗೆ ಬಂದು ಕೂತಿತು.

ತೆಂಡೂಲ್ಕರರ ‘ಸಖಾರಾಂ ಬೈಂಡರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಡನಿಂದ ದೂರವಾದ ಹೆಂಗಸರನ್ನು ಮದುವೆಯಿಲ್ಲದೆ ಮನೆಗೆ ತಂದಿಟ್ಟುಕೊಳ್ಳುವ ಸಖಾರಾಂ, ಆತನ ಮನೆಗೆ ಬಂದ ಲಕ್ಷ್ಮಿ ಮತ್ತು ಚಂಪಾ, ಇವರ ಕಥೆ ಅದು. 1972ರಲ್ಲಿ ಅದು ಬಂದಾಗ ಅಶ್ಲೀಲ, ಮದುವೆಯೆಂಬ ಸಂಸ್ಥೆಗೆ ಅವಮಾನ ಎಂದು ಮಹಾರಾಷ್ಟ್ರ ಹೊತ್ತಿ ಉರಿಯಿತು. ಸೆನ್ಸಾರ್ ಮಂಡಳಿ ತಡೆಯಿತು. ನಿರ್ದೇಶಕ ಕಮಲಾಕರ ಸಾರಂಗರು ಮುಂಬೈ ಹೈಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. ಚಂಪಾ ಆಗಿದ್ದ ಲಾಲನ್ ಸಾರಂಗರು ಆ ಎಲ್ಲ ಬೈಗುಳಗಳ ನಡುವೆ ಪ್ರತಿ ಸಂಜೆ ರಂಗಕ್ಕೆ ಹೋದರು. ಕೊನೆಯಲ್ಲಿ ಸಖಾರಾಂ ಚಂಪಾಳ ಕತ್ತು ಹಿಸುಕುತ್ತಾನೆ, ಲಕ್ಷ್ಮಿ ಹೆಣ ಹೂಳಲು ಕೈಜೋಡಿಸುತ್ತಾಳೆ. ಆಕ್ಷೇಪ ಎದ್ದದ್ದು ಆ ಕತ್ತು ಹಿಸುಕಿದ್ದಕ್ಕಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಗೆಯವನ್ನೂ ಹೇಳಬೇಕು. ಅದೇ ತೆಂಡೂಲ್ಕರರ ‘ಕಮಲಾ’ದಲ್ಲಿ ಪತ್ರಕರ್ತ ಜಯಸಿಂಗ್, ಹೆಂಗಸರ ಮಾರಾಟ ನಡೆಯುತ್ತಿದೆ ಎಂದು ಜಗತ್ತಿಗೆ ತೋರಿಸಲು ಕಮಲಾ ಎಂಬಾಕೆಯನ್ನು 250 ರೂಪಾಯಿಗೆ ಕೊಂಡು ದೆಹಲಿಯ ಮನೆಗೆ ತರುತ್ತಾನೆ. ರಾತ್ರಿ ಕಮಲಾ, ಜಯಸಿಂಗನ ಹೆಂಡತಿ ಸರಿತಾಳನ್ನು ಕೇಳುತ್ತಾಳೆ: ನಿಮ್ಮನ್ನು ಎಷ್ಟಕ್ಕೆ ಕೊಂಡರು? ಸರಿತಾ ತುಸು ತಡೆದು ಏಳುನೂರು ಎನ್ನುತ್ತಾಳೆ. ಇಂಗ್ಲಿಷ್ ಬಲ್ಲ ಮನೆಯೊಡತಿ ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಹುದಿತ್ತು. ಹಾಕಲಿಲ್ಲ. ನಮ್ಮ ಆಧುನಿಕ ನಾಟಕದಲ್ಲಿ ಹೆಣ್ಣಿನ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಿಕ್ಕ ದೃಶ್ಯಗಳನ್ನು ಆರಿಸಿದರೆ ನನ್ನ ಪಟ್ಟಿಯಲ್ಲಿ ಇದೇ ಮೊದಲು, ಮತ್ತು ಉತ್ತರ ಕೊಟ್ಟವಳೂ ಹೆಣ್ಣೇ. 1983ರ ‘ಕನ್ಯಾದಾನ’ದಲ್ಲಿ ಜ್ಯೋತಿ, ಹೊಡೆಯುವ ಗಂಡನ ಆತ್ಮಕಥೆಯನ್ನು ವೇದಿಕೆಯಲ್ಲಿ ಹೊಗಳಿ ಬಂದ ಸಮಾಜವಾದಿ ಅಪ್ಪನನ್ನು ಮುಖಾಮುಖಿ ಹಿಡಿದು ನಿಲ್ಲಿಸುತ್ತಾಳೆ, ಅಪ್ಪನಿಗೆ ಎಲ್ಲಿ ನೋಡುವುದೆಂದು ತಿಳಿಯುವುದಿಲ್ಲ. ಆ ನಾಟಕದಲ್ಲಿ ಹೊಡೆಯುವವನು ದಲಿತ ಯುವಕನೇ ಆಗಿರುವುದರ ಬಗ್ಗೆ ಎದ್ದ ತಕರಾರು ನ್ಯಾಯವಾದದ್ದೇ. ಮೇಲುಜಾತಿಯ ಮನೆಗಳಲ್ಲೂ ಕೈ ಏಳುತ್ತದೆ. ನಮ್ಮ ರಂಗಭೂಮಿಗೆ ಅಲ್ಲಿ ಮಾತ್ರ ಸೂಕ್ಷ್ಮ ಮನೋವಿಶ್ಲೇಷಣೆ ನೆನಪಾಗುತ್ತದೆ.

1990ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲು ರಂಗಕ್ಕೇರಿದ ದತ್ತಾನಿಯವರ ‘ತಾರಾ’ದ ವಿಚಾರವೇ ಬೇರೆ. ಮೈ ಅಂಟಿ ಹುಟ್ಟಿದ ಅವಳಿಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಬೇರ್ಪಡಿಸುವಾಗ, ಹುಡುಗಿಯ ಮೈಗೆ ಹೊಂದುತ್ತಿದ್ದ ಕಾಲನ್ನು ಹುಡುಗನಿಗೆ ಕೊಡುತ್ತಾರೆ. ಆ ನಿರ್ಧಾರ ತಾಯಿಯದು, ತಾಯಿಯ ಅಪ್ಪನದು. ಕಾಲು ಹುಡುಗನ ಮೈಯಲ್ಲೂ ನಿಲ್ಲುವುದಿಲ್ಲ. ವರ್ಷಗಳ ಮೇಲೆ ಲಂಡನ್ನಿನಲ್ಲಿ ಕುಳಿತು ಸತ್ತ ತಂಗಿಯ ಬಗ್ಗೆ ನಾಟಕ ಬರೆಯಲು ಹೊರಟ ಅಣ್ಣ ಕೊನೆಗೆ ಆಕೆಯಲ್ಲಿ ಕ್ಷಮೆ ಕೇಳುತ್ತಾನೆ: ನಿನ್ನ ದುರಂತವನ್ನು ನನ್ನದು ಮಾಡಿಕೊಂಡೆ. ಹೆಣ್ಣಿನ ನೋವಿನ ಬಗ್ಗೆ ಬರೆದ, ನಿರ್ದೇಶಿಸಿದ, ಅದಕ್ಕಾಗಿ ಪ್ರಶಸ್ತಿ ಪಡೆದ ನಮ್ಮ ಎಲ್ಲ ಅಣ್ಣಂದಿರೂ ಆ ಮಾತಿನ ಎದುರು ಒಂದು ಗಳಿಗೆ ಕೂತರೆ ಚೆನ್ನ.

ನಾಟಕಕಾರ ಇದ್ದದ್ದನ್ನು ತೋರಿಸುತ್ತಾನೆ, ಪರಿಹಾರ ಕೊಡುವುದು ಅವನ ಕೆಲಸವಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಪದ್ಮಿನಿಯನ್ನು ಚಿತೆಯಿಂದ ಇಳಿಸಿ, ಚಂಪಾಳನ್ನು ಬದುಕಿಸಿ ಎಂದು ನಾನು ಕೇಳುತ್ತಿಲ್ಲ; ಅಂಥ ಸುಖಾಂತ ಧಾರಾವಾಹಿಗಳಲ್ಲಿ ಬೇಕಾದಷ್ಟಿದೆ. ನನ್ನ ಮಾತು ನಿರ್ದೇಶಕರಿಗೆ. ರಾಣಿ ಹುತ್ತಕ್ಕೆ ಕೈಹಾಕುವಾಗ ಅಪ್ಪಣ್ಣನನ್ನು ಎಲ್ಲಿ ನಿಲ್ಲಿಸುತ್ತೀರಿ? ಸಾಮಾನ್ಯವಾಗಿ ಅವನು ಪಂಚರ ಹಿಂದೆ, ಅರೆಬೆಳಕಿನಲ್ಲಿ, ಗುಂಪಿನಲ್ಲೊಬ್ಬ. ಅವನನ್ನು ಹುತ್ತದ ಇನ್ನೊಂದು ಬದಿಗೆ, ರಾಣಿಗೆ ಎದುರಾಗಿ, ಅಷ್ಟೇ ಬೆಳಕಿನಲ್ಲಿ ನಿಲ್ಲಿಸಿ ನೋಡಿ. ಒಂದು ಮಾತನ್ನೂ ಬದಲಿಸಬೇಕಿಲ್ಲ. ಬೇಣಾರೆಯ ಸ್ವಗತದ ಹೊತ್ತಿಗೆ ಪ್ರೊಫೆಸರ್ ದಾಮ್ಲೆಯ ಖಾಲಿ ಕುರ್ಚಿಯನ್ನು ರಂಗದ ನಡುವೆ ಇಡಿ. ಆಕೆ ಯಾರೊಂದಿಗೆ ಮಾತನಾಡುತ್ತಿದ್ದಾಳೆ ಎಂದು ಹಿಂದಿನ ಸಾಲಿನವರಿಗೂ ತಿಳಿಯುತ್ತದೆ. ಹೀಗೆ ಯೋಚಿಸುವ ನಿರ್ದೇಶಕರು ನಮ್ಮಲ್ಲಿ ಇಲ್ಲವೆಂದಲ್ಲ. ಉತ್ಸವಗಳ ಆಯ್ಕೆ ಸಮಿತಿಗಳು ಮಾತ್ರ ಇನ್ನೂ ನಾಟಕಕಾರನ ಹೆಸರನ್ನಷ್ಟೇ ನೋಡುತ್ತವೆ, ಪ್ರಯೋಗವನ್ನಲ್ಲ.

ಹೆಂಗಸರೇ ಕಟ್ಟಿದ ರಂಗಕೃತಿಗಳ ಕಡೆ ಕಣ್ಣು ಹಾಯಿಸಲೂ ಇದು ಸಕಾಲ. ಮಂಜುಳಾ ಪದ್ಮನಾಭನ್ ಅವರ ‘ಲೈಟ್ಸ್ ಔಟ್’ 1986ರದು. 1982ರಲ್ಲಿ ಮುಂಬೈಯ ಸಾಂತಾಕ್ರೂಜ್‌ನಲ್ಲಿ ನಡೆದ ಘಟನೆಯ ಮೇಲೆ ನಿಂತದ್ದು. ಪಕ್ಕದ ಕಟ್ಟಡದಿಂದ ಹೆಂಗಸೊಬ್ಬಳ ಚೀರಾಟ ಕೇಳುತ್ತಿದೆ. ಇತ್ತ ಊಟಕ್ಕೆ ಕರೆದ ಅತಿಥಿಗಳು ಅದು ಅತ್ಯಾಚಾರವೋ, ಧಾರ್ಮಿಕ ವಿಧಿಯೋ, ಮನೆಯ ಜಗಳವೋ ಎಂದು ಚರ್ಚಿಸುತ್ತಿದ್ದಾರೆ. ಪೊಲೀಸರಿಗೆ ಹೇಳಿ ಎಂದು ಮನೆಯೊಡತಿ ಲೀಲಾ ಅಂಗಲಾಚುತ್ತಾಳೆ, ಗಂಡ ಅದನ್ನು ಸಣ್ಣದು ಮಾಡುತ್ತಲೇ ಇರುತ್ತಾನೆ. ಮನೆಗೆಲಸದ ಫ್ರೀಡಾ ಒಂದು ಮಾತೂ ಇಲ್ಲದೆ ನಾಟಕದುದ್ದಕ್ಕೂ ಕೆಲಸ ಮಾಡುತ್ತಾಳೆ. ಏನಾದರೂ ಮಾಡೋಣ ಎಂದು ಅವರು ಎದ್ದು ನಿಲ್ಲುವ ಹೊತ್ತಿಗೆ ಹೊರಗೆ ಎಲ್ಲ ಮುಗಿದಿರುತ್ತದೆ. ಚೀರಿದವಳು ರಂಗಕ್ಕೆ ಬರುವುದೇ ಇಲ್ಲ. ತೆಂಡೂಲ್ಕರ್ ಪ್ರೇಕ್ಷಕರನ್ನು ಬೇಣಾರೆಯ ಏಕೈಕ ಕೇಳುಗರನ್ನಾಗಿ ಮಾಡಿ ಸಮಾಧಾನಪಡಿಸಿದರೆ, ಪದ್ಮನಾಭನ್ ಆ ಸಮಾಧಾನವನ್ನೂ ಕಿತ್ತುಕೊಂಡರು: ಕೇಳಿಸಿಕೊಂಡಿರಲ್ಲ, ಏನು ಮಾಡಿದಿರಿ?

ಮಹಾಶ್ವೇತಾದೇವಿಯವರ ಕಥೆ ‘ದ್ರೌಪದಿ’ಯನ್ನು ಮಣಿಪುರದ ಕನ್ಹಯ್ಯಾಲಾಲ್ ಅವರು 2000ದಲ್ಲಿ ರಂಗಕ್ಕೆ ತಂದಾಗ ಹೈಸ್ನಾಂ ಸಾಬಿತ್ರಿಯವರು ಕೊನೆಯ ದೃಶ್ಯದಲ್ಲಿ ಬೆತ್ತಲಾಗಿ ಸೇನಾಧಿಕಾರಿಯ ಎದುರು ನಡೆದರು. ನಿರಾಯುಧಳಾದ ಹೆಂಗಸಿನ ಮುಂದೆ ಅಧಿಕಾರಿ ಮೊದಲ ಬಾರಿಗೆ ಹೆದರುತ್ತಾನೆ. ಆ ಪ್ರಯೋಗದ ವಿರುದ್ಧ ಮಣಿಪುರದಲ್ಲೇ ಗದ್ದಲವಾಯಿತು. ನಾಲ್ಕು ವರ್ಷಕ್ಕೆ, 2004ರ ಜುಲೈ 15ರಂದು, ಅಸ್ಸಾಂ ರೈಫಲ್ಸ್ ಹಿಡಿದೊಯ್ದಿದ್ದ ತಂಗ್ಜಂ ಮನೋರಮಾ ಹೆಣವಾದ ಮೇಲೆ, ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ 12 ಮಂದಿ ತಾಯಂದಿರು ಬಟ್ಟೆ ಕಳಚಿ ನಿಂತರು. ಅಧಿಕಾರದಿಂದ ಉತ್ತರ ಕೇಳುವ ರೀತಿ ರಂಗದ ಮೇಲೂ ಬೀದಿಯಲ್ಲೂ ಒಂದೇ ಆಗಿತ್ತು. ಶಾಂವಲಿ ಮಿತ್ರರು 1983ರಿಂದ ಬಂಗಾಳಿಯಲ್ಲಿ ಒಬ್ಬರೇ ಆಡಿದ ‘ನಾಥವತಿ ಅನಾಥವತ್’, ಉಷಾ ಗಂಗೂಲಿಯವರು ಕೋಲ್ಕತ್ತದಲ್ಲಿ 1976ರಲ್ಲಿ ಕಟ್ಟಿದ ‘ರಂಗಕರ್ಮಿ’ ತಂಡದ ಪ್ರಯೋಗಗಳು, ಮನ್ನೂ ಭಂಡಾರಿಯವರ ‘ಮಹಾಭೋಜ್’, ಇವೆಲ್ಲ ನಮ್ಮ ಉತ್ಸವಗಳ ಆಹ್ವಾನ ಪತ್ರಿಕೆಯಲ್ಲಿ ಎಷ್ಟು ಸಲ ಕಾಣುತ್ತವೆ?

ದೂರ ಹೋಗುವುದೇಕೆ? ನಮ್ಮ ಕಂಪನಿ ನಾಟಕಗಳ ನಟಿಯರನ್ನು ನಾವು, ಅಂದರೆ ಹವ್ಯಾಸಿಗಳು, ಸರಿಯಾಗಿ ನೋಡಿಲ್ಲ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಕಂಡವರು ಆ ದನಿಯನ್ನು ಮರೆಯುವುದಿಲ್ಲ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಟೆಂಟ್ ಹೊಡೆಯುತ್ತವೆ. ಅಲ್ಲಿನ ದ್ವಂದ್ವಾರ್ಥಕ್ಕೆ ನಾವು ಮೂಗು ಮುರಿಯುತ್ತೇವೆ, ಮುರಿಯಬೇಕಾದದ್ದೂ ಇದೆ. ಆದರೆ ಅಲ್ಲಿನ ಹಾಸ್ಯ ಜೋಡಿಯಲ್ಲಿ ಗಂಡು ಒಂದು ಮಾತು ಎಸೆದರೆ ಹೆಣ್ಣು ಎರಡು ಎಸೆಯುತ್ತಾಳೆ. ಆತ ಬಾಯಿ ಮುಚ್ಚಿಕೊಂಡು ಒಳಗೆ ಹೋಗುವವರೆಗೆ ಬಿಡುವುದಿಲ್ಲ. ನಮ್ಮ ಗಂಭೀರ ನಾಟಕದ ನಾಯಕಿಗೆ ಆ ಭಾಗ್ಯವಿಲ್ಲ.

ಇನ್ನು ಪರದೆಯ ಹಿಂದಿನ ಮಾತು. ಈ ಪತ್ರ ಬರೆಯಲು ನಿಜವಾದ ಒತ್ತಡ ಬಂದದ್ದು ಅಲ್ಲಿಂದ. ನಾನಿದ್ದ ಒಂದು ತಂಡದಲ್ಲಿ, ತಿರುಗಾಟದ ವ್ಯಾನಿನಲ್ಲಿ, ಹಿರಿಯರೊಬ್ಬರು ಹೊಸದಾಗಿ ಬಂದ ಹುಡುಗಿಯ ಪಕ್ಕದ ಸೀಟನ್ನೇ ಆರಿಸಿಕೊಳ್ಳುತ್ತಿದ್ದರು. ಮೊದಮೊದಲು ‘ಪಾತ್ರದ ಬಗ್ಗೆ ಮಾತಾಡಬೇಕು’ ಎಂಬ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ. ಆಕೆ ಹೇಳಿಕೊಂಡಾಗ ತಂಡ ಸಭೆ ಸೇರಿತು. ‘ನಮ್ಮದು ಒಂದು ಕುಟುಂಬ, ಮನೆಯ ಮಾತು ಬೀದಿಗೆ ಹೋಗಬಾರದು’ ಎಂದು ಒಬ್ಬರು. ‘ಅವರು ಎಲ್ಲರೊಂದಿಗೂ ಸಲುಗೆಯಿಂದ ಇರುವವರು’ ಎಂದು ಇನ್ನೊಬ್ಬರು. ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ?’ ಎಂದು ಮೂರನೆಯವರು. ಸಭೆಯಲ್ಲಿ ಆ ಹಿರಿಯರು ಇರಲಿಲ್ಲ. ಅವರಿಗೆ ಮುಜುಗರವಾಗುತ್ತದೆ ಎಂದು ಕರೆದಿರಲಿಲ್ಲ. ಆಗ ನಾವು ಯಾವ ನಾಟಕ ಆಡುತ್ತಿದ್ದೆವು ಎಂದು ಹೇಳಿದರೆ ಕಟ್ಟುಕಥೆ ಎನ್ನುತ್ತೀರಿ, ಬಿಡಿ. ಆ ಹುಡುಗಿ ರಂಗಭೂಮಿ ಬಿಟ್ಟಳು. ಅವರಿಗೆ ಅಭಿನಂದನಾ ಸಮಾರಂಭಗಳು ನಡೆಯುತ್ತಲೇ ಇವೆ.

ಇದಕ್ಕೆ ಕಾನೂನಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದದ್ದು 2013ರಲ್ಲಿ. ‘ನಾವು ಹವ್ಯಾಸಿಗಳು, ನಮ್ಮದೇನು ಕಚೇರಿಯೇ, ಕಂಪನಿಯೇ’ ಎಂಬ ಮಾತನ್ನು ಬಹಳ ಕೇಳಿದ್ದೇನೆ. ದಯವಿಟ್ಟು ಕಾಯ್ದೆಯನ್ನು ಓದಿ. ಉದ್ಯೋಗಿ ಎಂದರೆ ಸಂಬಳ ಪಡೆಯುವವರಷ್ಟೇ ಅಲ್ಲ. ತಾತ್ಕಾಲಿಕವಾಗಿ, ಸಂಭಾವನೆಯಿಲ್ಲದೆ, ಸ್ವಯಂಸೇವೆಯಿಂದ ದುಡಿಯುವವರೂ ತರಬೇತಿಗೆ ಬಂದವರೂ ಅದರೊಳಗೆ ಬರುತ್ತಾರೆ. ಕೆಲಸದ ಸ್ಥಳವೆಂದರೆ ಕೆಲಸದ ನಿಮಿತ್ತ ಹೋದ ಜಾಗವೂ ಹೌದು, ಅದಕ್ಕೆಂದು ಒದಗಿಸಿದ ವಾಹನವೂ ಹೌದು. ಅಂದರೆ ಆ ವ್ಯಾನೂ ಹೌದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಅದಕ್ಕಿಂತ ಸಣ್ಣ ತಂಡವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಮಯ ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಮುಖ್ಯವಾಗಿ, ಇಲ್ಲಿ ಆರೋಪಕ್ಕೆ ಒಳಗಾದವರು ಬಂದು ಉತ್ತರ ಕೊಡಲೇಬೇಕು. ದಾಮ್ಲೆಯ ಕುರ್ಚಿ ಖಾಲಿ ಬಿಡುವಂತಿಲ್ಲ.

ಆದ್ದರಿಂದ ಅಕಾಡೆಮಿಯಲ್ಲಿ ನನ್ನ ಕೋರಿಕೆ ಇದು. ತಂಡಗಳಿಗೆ ಸಹಾಯಧನ ಕೊಡುವ ಅರ್ಜಿಯಲ್ಲಿ ನೋಂದಣಿ ಪ್ರಮಾಣಪತ್ರ, ಲೆಕ್ಕಪತ್ರ ಕೇಳುತ್ತೀರಿ. ಅದರೊಂದಿಗೆ ಆಂತರಿಕ ಸಮಿತಿಯ ಆದೇಶದ ಪ್ರತಿಯನ್ನೂ ಕೇಳಿ. ಸಣ್ಣ ತಂಡಗಳಾದರೆ ಸ್ಥಳೀಯ ಸಮಿತಿಯ ವಿಳಾಸವನ್ನು ತಾಲೀಮು ಕೋಣೆಯಲ್ಲಿ ಅಂಟಿಸಿರುವ ಬಗ್ಗೆ ಮುಚ್ಚಳಿಕೆ ಸಾಕು. ಇದಕ್ಕೆ ಅಕಾಡೆಮಿಗೆ ಒಂದು ಪೈಸೆ ಖರ್ಚಿಲ್ಲ. ಒಂದೊಂದು ತಂಡಕ್ಕೂ ಹೊರಗಿನ ಸದಸ್ಯರನ್ನು ಹುಡುಕುವುದು ಕಷ್ಟ ಎನ್ನುವುದಾದರೆ, ಜಿಲ್ಲೆಗೊಂದರಂತೆ ವಕೀಲೆಯರ, ಮಹಿಳಾ ಸಂಘಟನೆಯವರ ಪಟ್ಟಿ ಸಿದ್ಧಪಡಿಸಿಕೊಡಿ. ತಾಲೀಮು ರಾತ್ರಿ ಹತ್ತು ದಾಟಿದರೆ ನಟಿಯರನ್ನು ಮನೆ ತಲುಪಿಸುವ ಖರ್ಚನ್ನು ಪ್ರಯೋಗದ ಖರ್ಚೆಂದು ಒಪ್ಪಿಕೊಳ್ಳಿ. ದೀಪದ ಬಾಡಿಗೆಗೆ ಬಿಲ್ ಪಾಸಾಗುವ ಹಾಗೆ ಆಟೋ ಬಾಡಿಗೆಗೂ ಪಾಸಾಗಲಿ.

ರಂಗಾಯಣಗಳಲ್ಲಿ ನನ್ನ ಕೋರಿಕೆ ಬೇರೆ. ಬಿ. ಜಯಶ್ರೀ, ಭಾಗೀರಥಿ ಬಾಯಿ ಕದಂ ಅವರಂಥವರು ನಿರ್ದೇಶಕಿಯರಾಗಿ ಕೂತ ಸಂಸ್ಥೆ ಮೈಸೂರಿನದು. ನಾಲ್ಕೂ ಕಡೆ ಮುಂದಿನ ಸಾಲಿನ ನಾಟಕಗಳನ್ನು ಆರಿಸುವಾಗ ಮೇಲೆ ಹೇಳಿದ ಹೆಂಗಸರ ಕೃತಿಗಳಲ್ಲಿ ಒಂದನ್ನಾದರೂ ಕನ್ನಡಕ್ಕೆ ತರಿಸಿ ಆಡಿಸಿ. ಕನ್ನಡದ ಕಥೆಗಾರ್ತಿಯರನ್ನು ತಾಲೀಮಿನ ಜಾಗಕ್ಕೆ ಕರೆದು ತಿಂಗಳೊಪ್ಪತ್ತು ಕೂರಿಸಿ, ನಾಟಕ ಬರೆಸಿ. ಬೇಣಾರೆಯನ್ನು ಆಡುವುದಾದರೆ ಪೂರ್ತಿ ಆಡಿ.

ಹಿರಿಯ ನಟರೊಬ್ಬರು ಇದರ ಕರಡು ಓದಿ, ‘ಇದೆಲ್ಲ ಬಂದರೆ ರಂಗಭೂಮಿಯ ಆತ್ಮೀಯತೆ ಹೋಗುತ್ತದಮ್ಮಾ’ ಎಂದರು. ಆ ಆತ್ಮೀಯತೆಯ ಖರ್ಚನ್ನು ಇಷ್ಟು ದಿನ ಯಾರು ಭರಿಸಿದರು ಎಂದು ಕೇಳಿದೆ. ಅವರು ಒಳ್ಳೆಯವರು, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ತಾವೂ ಯೋಚಿಸಿ, ಆದರೆ ಮುಂದಿನ ಸಹಾಯಧನದ ಪ್ರಕಟಣೆ ಹೊರಡುವ ಮೊದಲು.

ಇತಿ ತಮ್ಮ ವಿಶ್ವಾಸಿ,
ಹವ್ಯಾಸಿ ರಂಗಭೂಮಿಯ ಒಬ್ಬ ನಟಿ